ದೇವರು ನನ್ನ ಹತ್ತಿರ ಮಾತಾಡುವುದೇ ಇಲ್ಲವಲ್ಲ?

ಓದುಗರೊಬ್ಬರ ಪತ್ರ (ಸಂಕ್ಷಿಪ್ತವಾಗಿ):

"ನಾನು ಹಾಸನದಲ್ಲಿ ಸ್ಟಾಫ್ ನರ್ಸ್. ಐರ್ಲೆಂಡಿನಿಂದ ಕೆಲಸದ ಆಫರ್ ಬಂದಿದೆ. ಜೂನ್ ಕೊನೆಯೊಳಗೆ ಉತ್ತರ ಕೊಡಬೇಕು. ಅಪ್ಪ ಇಲ್ಲ. ಅಮ್ಮ ಸಕಲೇಶಪುರದ ಹತ್ತಿರ ಒಬ್ಬರೇ ಇದ್ದಾರೆ, ಅವರಿಗೆ ಶುಗರ್ ಇದೆ, ಮಂಡಿನೋವೂ ಇದೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ 'ಕರ್ತರು ನನ್ನ ಸಂಗಡ ಮಾತಾಡಿದರು' ಅಂತ ಸಾಕ್ಷಿ ಹೇಳುತ್ತಾರೆ. ನನಗೆ ಇವತ್ತಿನವರೆಗೆ ಒಂದು ಮಾತೂ ಕೇಳಿಸಿಲ್ಲ. ಈಚೆಗೆ ಪ್ರಾರ್ಥನೆಗೆ ಕೂತರೆ ನನಗೂ ಮಾತು ಬರುವುದಿಲ್ಲ. ಕೂಟದ ಒಬ್ಬ ಅಕ್ಕ 'ನೀನು ಹೋಗಬಾರದು ಅಂತ ದೇವರು ನನಗೆ ಹೇಳಿದ್ದಾರೆ' ಅಂದರು. ನನಗೇ ಯಾಕೆ ಹೇಳಲಿಲ್ಲ? ನನ್ನ ನಂಬಿಕೆಯಲ್ಲೇ ಕೊರತೆಯಾ?"

ಪ್ರಿಯ ಸಹೋದರಿ, ಕರ್ತನಲ್ಲಿ ವಂದನೆಗಳು.

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನಿಮ್ಮ ನಂಬಿಕೆಯಲ್ಲಿ ಕೊರತೆಯಿಲ್ಲ. ಇಂಥ ಪತ್ರಗಳು ನಮಗೆ ಆಗಾಗ ಬರುತ್ತವೆ. ಬರೆಯುವವರು ಹೆಚ್ಚಾಗಿ ನಿಮ್ಮಂಥವರೇ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಬೈಬಲ್ ಓದದೆ ಮಲಗುವುದಿಲ್ಲ, ಆದರೆ ಸಾಕ್ಷಿ ಹೇಳುವ ಹೊತ್ತು ಬಂದರೆ ತಲೆ ತಗ್ಗಿಸಿ ಕೂರುತ್ತಾರೆ. ಅವರು ಹಾಗೆ ಕೂರಬೇಕಾಗಿ ಬಂದಿದೆಯಲ್ಲ, ಅದು ನನಗೆ ನಿಜಕ್ಕೂ ನೋವಿನ ವಿಷಯ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಬೈಬಲಿನಲ್ಲಿ ದೇವರ ದನಿಯನ್ನು ಕಿವಿಯಾರೆ ಕೇಳಿದವರು ಇದ್ದಾರೆ, ನಿಜ. ಮೋಶೆ ಕೇಳಿದ, ಹುಡುಗ ಸಮುವೇಲ ಕೇಳಿದ. ಆದರೆ ಮೋಶೆಯ ಹಿಂದೆ ನಡೆದ ಅಷ್ಟೂ ಜನರಿಗೆ ದಾರಿ ತೋರಿಸಿದ್ದು ಒಂದು ಮೇಘ. ಅರಣ್ಯಕಾಂಡದ 9ನೇ ಅಧ್ಯಾಯ ಓದಿ ನೋಡಿ. ಮೇಘ ಎದ್ದರೆ ಹೊರಡುತ್ತಿದ್ದರು, ನಿಂತರೆ ಡೇರೆ ಹಾಕುತ್ತಿದ್ದರು. ಎರಡು ದಿನ ನಿಂತರೂ ಸರಿ, ಒಂದು ತಿಂಗಳು ನಿಂತರೂ ಸರಿ, ಇನ್ನೂ ಜಾಸ್ತಿ ನಿಂತರೂ ಸರಿ. ಯಾಕೆ ನಿಂತಿದ್ದೇವೆ, ಮುಂದೆ ಎಲ್ಲಿಗೆ ಅಂತ ಆ ಮೇಘ ಹೇಳುತ್ತಿರಲಿಲ್ಲ. ಹೆಂಗಸರು, ಮಕ್ಕಳು, ದನಕರು ಎಲ್ಲ ಅದನ್ನು ನೋಡಿಕೊಂಡೇ ನಡೆದರು.

ಪೌಲನ ಕಥೆ ಇನ್ನೂ ಚೆನ್ನಾಗಿದೆ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ. ಪೌಲ ಮತ್ತು ಸಂಗಡಿಗರು ಆಸ್ಯ ಸೀಮೆಯಲ್ಲಿ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಸುವಾರ್ತೆ ಸಾರಬೇಕು ಅಂದುಕೊಂಡರು, ಪವಿತ್ರಾತ್ಮ ತಡೆಯಿತು. ಬಿಥೂನ್ಯಕ್ಕೆ ಹೋಗಲು ನೋಡಿದರು, ಅಲ್ಲೂ ತಡೆ. ಹೇಗೆ ತಡೆಯಿತು? ಆ ಪುಸ್ತಕ ಬರೆದ ಲೂಕ ಅದನ್ನು ಹೇಳಿಲ್ಲ. ಕಾಯಿಲೆ ಬಂತೋ, ದಾರಿ ಕಟ್ಟಿತೋ, ಎಲ್ಲರ ಮನಸ್ಸೂ ಹಿಂಜರಿಯಿತೋ, ಅದನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಎರಡು ಬಾಗಿಲು ಮುಚ್ಚಿಸಿಕೊಂಡು, ನೂರಾರು ಕಿಲೋಮೀಟರ್ ನಡೆದು ಅವರು ಸಮುದ್ರದ ದಡದ ತ್ರೋವಕ್ಕೆ ಬಂದರು. 'ಮಕೆದೋನ್ಯಕ್ಕೆ ಬಂದು ನಮಗೆ ಸಹಾಯ ಮಾಡು' ಅಂತ ಕರೆದ ಮಕೆದೋನ್ಯದವನ ದರ್ಶನ ಪೌಲನಿಗೆ ಆದದ್ದು ತ್ರೋವಕ್ಕೆ ಬಂದ ಮೇಲೆ. ಆಮೇಲೂ 'ದೇವರು ನಮ್ಮನ್ನು ಅಲ್ಲಿಗೆ ಕರೆಯುತ್ತಿದ್ದಾರೆ' ಅಂತ ತೀರ್ಮಾನ ಮಾಡಿದ್ದು ಎಲ್ಲರೂ ಸೇರಿ.

ಮಕೆದೋನ್ಯದ ಫಿಲಿಪ್ಪಿಯಲ್ಲಿ ಮೊದಲು ನಂಬಿದವರು ಯಾರು ಗೊತ್ತಾ? ನದಿ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರ ನಡುವೆ ಇದ್ದ ಲುದ್ಯ. ಬಟ್ಟೆ ವ್ಯಾಪಾರ ಮಾಡುವವಳು. ಅವಳ ಊರು ಥುವತೈರ. ಆ ಊರು ಇರುವುದು ಪೌಲನಿಗೆ ಹೋಗಬೇಡ ಅಂತ ತಡೆಯಾದ ಆಸ್ಯ ಸೀಮೆಯಲ್ಲೇ! ತಡೆ ಆದ ದಿನ ಪೌಲನಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಮಾತಿಲ್ಲದೆ ನಡೆಸುವುದು ಹೆಚ್ಚಾಗಿ ಹೀಗೇ, ನಡೆದಾದ ಮೇಲೆ ಕಾಣುತ್ತದೆ.

ನೀವು ನರ್ಸ್ ಆದ್ದರಿಂದ ಒಂದು ಮಾತು ಕೇಳುತ್ತೇನೆ. ಗಂಟಲಿಗೆ ಟ್ಯೂಬ್ ಹಾಕಿರುವ ರೋಗಿಗೆ ನೋವಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಹುಬ್ಬು ಗಂಟಿಕ್ಕಿದೆಯಾ, ಮುಷ್ಟಿ ಬಿಗಿದಿದೆಯಾ ಅಂತ ನೋಡುತ್ತೀರಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಅದು ಕಾಣುವುದಿಲ್ಲ. ಹಾಸಿಗೆ ಪಕ್ಕ ಎಷ್ಟೋ ರಾತ್ರಿ ನಿಂತ ನಿಮಗೆ ಕಾಣುತ್ತದೆ. ದೇವರ ವಿಷಯದಲ್ಲೂ ಗುರುತು ಹಿಡಿಯುವುದು ಪಕ್ಕದಲ್ಲಿದ್ದೇ ಬರಬೇಕು.

ಹೀಗೆ ಗುರುತು ಹಿಡಿಯಲು ಕಲಿತ ಒಬ್ಬರ ಬಗ್ಗೆ ಹೇಳಬೇಕು. ಸ್ಪೇನಿನ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಮೂಳೆ ಸೊಟ್ಟಗೆ ಕೂಡಿ ಉಬ್ಬಿಕೊಂಡಿತು. ಬೂಟು ಹಾಕಿದರೆ ಚಂದ ಕಾಣುವುದಿಲ್ಲ ಅಂತ ಅದನ್ನು ಗರಗಸದಲ್ಲಿ ಕೊಯ್ಯಿಸಿಕೊಂಡ ಮನುಷ್ಯ ಅವರು, ಅಷ್ಟು ಶೋಕಿ. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಬೇಕಾಯಿತು. ಓದಲು ವೀರರ ಕಥೆ ಕೇಳಿದರು, ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಯೇಸುಸ್ವಾಮಿಯ ಜೀವನ ಮತ್ತು ಸಂತರ ಚರಿತ್ರೆಗಳು.

ಆ ಹಾಸಿಗೆಯಲ್ಲಿ ಎರಡು ಥರದ ಹಗಲುಗನಸು ಬರುತ್ತಿದ್ದವು. ಒಂದರಲ್ಲಿ ಒಬ್ಬ ದೊಡ್ಡ ಮನೆತನದ ಹೆಂಗಸನ್ನು ಮೆಚ್ಚಿಸಲು ಸಾಹಸ ಮಾಡುತ್ತಿದ್ದರು, ಗಂಟೆಗಟ್ಟಲೆ ಅದರಲ್ಲೇ ಮುಳುಗಿರುತ್ತಿದ್ದರು. ಇನ್ನೊಂದರಲ್ಲಿ ಸಂತರ ಹಾಗೆ ಬರಿಗಾಲಲ್ಲಿ ಜೆರೂಸಲೇಮಿಗೆ ಹೋಗುತ್ತಿದ್ದರು. ಎರಡೂ ಆ ಹೊತ್ತಿಗೆ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದ ಹಾಗಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಬಹಳ ದಿನ ಅವರು ಇದನ್ನು ಗಮನಿಸಲೇ ಇಲ್ಲ. ಒಂದು ದಿನ ಗಮನಿಸಿದರು, ಅಲ್ಲಿಂದ ಅವರ ಜೀವನವೇ ತಿರುಗಿತು. ಯಾವ ದನಿಯೂ ಕೇಳಿಸಿರಲಿಲ್ಲ. ಮುಂದೆ ಅವರು ಕಟ್ಟಿದ ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು 1878ರಲ್ಲಿ ಮಂಗಳೂರಿಗೂ ಬಂದರು, ಈ ಪಾಠವನ್ನು ಇಂದಿಗೂ ಧ್ಯಾನಕೂಟಗಳಲ್ಲಿ ಕಲಿಸುತ್ತಾರೆ. ನಾವು ಪ್ರಾಟೆಸ್ಟೆಂಟರೂ ಕಲಿಯಬೇಕಾದ ಪಾಠ ಇದು.

ನೀವು ಮಾಡಬಹುದಾದ್ದು ಇದೇ. ಒಂದು ವಾರ, ಐರ್ಲೆಂಡಿಗೆ ಹೋಗುವುದೇ ಖಂಡಿತ ಅಂದುಕೊಂಡು ಬದುಕಿ. ಡ್ಯೂಟಿ ಮಾಡಿ, ಪ್ರಾರ್ಥನೆ ಮಾಡಿ, ದಿನದ ಕೊನೆಗೆ ಮನಸ್ಸು ಹೇಗಿದೆ ಅಂತ ಎರಡು ಸಾಲು ಬರೆದಿಡಿ. ಮುಂದಿನ ವಾರ, ಹೋಗುವುದಿಲ್ಲ ಅಂದುಕೊಂಡು ಹಾಗೇ ಮಾಡಿ. ಮೊದಲ ದಿನದ ಉತ್ಸಾಹಕ್ಕೋ ಭಯಕ್ಕೋ ಜಾಸ್ತಿ ಬೆಲೆ ಕೊಡಬೇಡಿ. ಐದನೇ ದಿನ, ಆರನೇ ದಿನ ಏನು ಉಳಿದಿದೆ ನೋಡಿ.

ಆದರೆ ಒಳಗಿನ ನೆಮ್ಮದಿಯೊಂದನ್ನೇ ನಂಬಿ ಕೂರಬೇಡಿ. ಯೋನನನ್ನು ನೆನಪಿಸಿಕೊಳ್ಳಿ. ದೇವರಿಂದ ಓಡಿಹೋಗಲು ಯೊಪ್ಪಕ್ಕೆ ಹೋದರೆ ಹಡಗು ಸಿದ್ಧವಾಗಿತ್ತು. ಹತ್ತಿ ಮಲಗಿದರೆ ಬಿರುಗಾಳಿಯಲ್ಲೂ ಗಾಢ ನಿದ್ದೆ. ತೆರೆದ ಬಾಗಿಲೂ ಇತ್ತು, ನೆಮ್ಮದಿಯೂ ಇತ್ತು, ಹೋಗುತ್ತಿದ್ದ ದಿಕ್ಕು ಮಾತ್ರ ತಪ್ಪು. ಹೊಸ ವರ್ಷದ ವಾಗ್ದಾನ ಕಾರ್ಡಿನಲ್ಲಿ ಬಂದ ವಚನ, ಕಣ್ಣು ಮುಚ್ಚಿ ಬೈಬಲ್ ತೆರೆದಾಗ ಬೆರಳಿಗೆ ಸಿಕ್ಕ ವಚನ ಇವೂ ಹಾಗೇ. ಅವು ಧೈರ್ಯ ಕೊಡಲಿ, ತೀರ್ಮಾನ ಮಾಡುವುದು ಬೇಡ. ದೇವರಿಂದ ಗುರುತು ಕೇಳಲು ಗಿದ್ಯೋನ ಹಾಸಿದ ಕುರಿಯ ತುಪ್ಪಟವನ್ನೂ ಅನೇಕರು ಎತ್ತಿ ಹೇಳುತ್ತಾರೆ. ಗಿದ್ಯೋನನಿಗೆ ದೇವರು ಆಗಲೇ ಸ್ಪಷ್ಟವಾಗಿ ಹೇಳಿಯಾಗಿತ್ತು. ಅವನು ತುಪ್ಪಟ ಹಾಸಿದ್ದು ಸಂಶಯದಿಂದ, ದೇವರು ತಾಳಿಕೊಂಡರು ಅಷ್ಟೇ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದವರು ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್. ಸಾವಿರಾರು ಅನಾಥ ಮಕ್ಕಳನ್ನು ಸಾಕಿದವರು. ಮೊದಲು ವಿಲ್ಸನ್ ಸ್ಟ್ರೀಟಿನ ನಾಲ್ಕು ಬಾಡಿಗೆ ಮನೆಗಳಲ್ಲಿ ಮಕ್ಕಳಿದ್ದರು. 1845ರಲ್ಲಿ ಅದೇ ಬೀದಿಯ ಒಬ್ಬರು ಒಂದು ಪತ್ರ ಬರೆದರು. ಮಕ್ಕಳ ಮನೆಗಳಿಂದ ಅಕ್ಕಪಕ್ಕದವರಿಗೆ ತೊಂದರೆ ಆಗುತ್ತಿದೆ ಅಂತ ಮರ್ಯಾದೆಯಿಂದಲೇ ದೂರಿದ್ದರು. ಮುಲ್ಲರ್ ಸಿಟ್ಟಾಗಲಿಲ್ಲ. ಆ ಪತ್ರ ಇಟ್ಟುಕೊಂಡು ಪ್ರಾರ್ಥನೆಗೆ ಕೂತರು. ಅಲ್ಲೇ ಇರಲು ಏನು ಕಾರಣ, ಬಿಡಲು ಏನು ಕಾರಣ ಅಂತ ಬರೆದು ತೂಗಿದರು. ಜೊತೆ ಕೆಲಸಗಾರರೊಂದಿಗೆ ಸೇರಿ ಪ್ರಾರ್ಥಿಸಿದರು. ಆಮೇಲೆ ಊರಾಚೆ ಆಶ್ಲಿ ಡೌನಿನಲ್ಲಿ ಕಟ್ಟಡ ಎದ್ದಿತು. 1849ರಲ್ಲಿ 300 ಮಕ್ಕಳಿಗೆ ಜಾಗವಿದ್ದ ಮೊದಲ ಮನೆ, 1870ರ ಹೊತ್ತಿಗೆ ಐದು ಮನೆಗಳು. ಇಷ್ಟಕ್ಕೂ ಶುರುವಾದದ್ದು ಅದೇ ಬೀದಿಯವರ ಒಂದು ದೂರಿನಿಂದ!

ದೇವರ ಚಿತ್ತ ಹೇಗೆ ತಿಳಿಯುವುದು ಅಂತ ಕೇಳಿದವರಿಗೆ ಮುಲ್ಲರ್ ಹೇಳುತ್ತಿದ್ದ ಮೊದಲ ಮಾತು, ಆ ವಿಷಯದಲ್ಲಿ ನಿಮ್ಮ ಸ್ವಂತ ಹಟ ಬಿಡಿ ಅನ್ನುವುದು. ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಇಲ್ಲೇ ಇದೆ ಅನ್ನುತ್ತಿದ್ದರು. ಬರೀ ಭಾವನೆಗೆ ಬಿಡಬಾರದು, ವಾಕ್ಯ ಓದಬೇಕು, ಸುತ್ತಲಿನ ಸಂದರ್ಭ ನೋಡಬೇಕು, ಪ್ರಾರ್ಥಿಸಬೇಕು, ಮನಸ್ಸಿಗೆ ಸಮಾಧಾನ ಬಂದು ಅದು ನಿಂತರೆ ಹೆಜ್ಜೆ ಇಡಬೇಕು.

ಇನ್ನು ಆ ಅಕ್ಕನ ಮಾತು. ಅವರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿರಬಹುದು. ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಅಂತ ಪೌಲ ಥೆಸಲೊನೀಕದವರಿಗೆ ಒಂದೇ ಉಸಿರಿನಲ್ಲಿ ಬರೆದಿದ್ದಾನೆ. ಎರಡನ್ನೂ ಮಾಡಿ. ಅವನ ಜೀವನದಲ್ಲೇ ಅಗಬ ಎಂಬ ಪ್ರವಾದಿ ಬಂದು, ಜೆರೂಸಲೇಮಿನಲ್ಲಿ ನಿನ್ನನ್ನು ಕಟ್ಟುತ್ತಾರೆ ಅಂತ ಹೇಳಿದ. ಸುತ್ತ ಇದ್ದವರೆಲ್ಲ ಹೋಗಬೇಡ ಅಂತ ಅತ್ತರು. ಪೌಲ ಅದನ್ನು ಕೇಳಿಸಿಕೊಂಡ, ಆದರೂ ಹೋದ. ಕೊನೆಗೆ ಅವರೇ 'ಕರ್ತನ ಚಿತ್ತವೇ ಆಗಲಿ' ಅಂದು ಸುಮ್ಮನಾದರು. ಯಾರಾದರೂ 'ದೇವರು ನನಗೆ ಹೇಳಿದ್ದಾರೆ' ಅಂದರೆ ನಿಮ್ಮ ಬಾಯಿ ಮುಚ್ಚಬೇಕಾಗಿಲ್ಲ. ಮದುವೆ, ದುಡ್ಡು, ಕೆಲಸದ ವಿಷಯದಲ್ಲಿ ಈ ಮಾತಿನಿಂದ ಮನಸ್ಸು ಮುರಿದುಕೊಂಡವರ ಪತ್ರಗಳನ್ನು ನಾನು ಓದಿದ್ದೇನೆ. ಹಿರಿಯರು ಇದನ್ನು ಸಭೆಯಲ್ಲಿ ಬಿಡಿಸಿ ಹೇಳಬೇಕು ಅನ್ನುವುದು ನನ್ನ ಕಳಕಳಿಯ ಕೋರಿಕೆ.

ಪ್ರಾರ್ಥನೆಯಲ್ಲಿ ಮಾತು ಬರುವುದಿಲ್ಲ ಅಂದಿರಿ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ, 26ನೇ ವಚನ. ಹೇಗೆ ಪ್ರಾರ್ಥಿಸಬೇಕೋ ನಮಗೆ ತಿಳಿಯದಾಗ ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮವೇ ನಮಗಾಗಿ ಬೇಡುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದು ಸುಮ್ನೆ ಹತ್ತು ನಿಮಿಷ ಕೂತರೂ ಅದು ಪ್ರಾರ್ಥನೆಯೇ.

ಆ ಮೌನ ಬಹಳ ದಿನ ಇದ್ದರೂ ಹೆದರಬೇಡಿ. ಮದರ್ ತೆರೇಸಾ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್ ರೈಲಿನಲ್ಲಿ ದೇವರ ಕರೆ ಪಡೆದದ್ದು ಎಲ್ಲರಿಗೂ ಗೊತ್ತು. ಕೊಲ್ಕತ್ತಾದ ಬೀದಿಗಳಲ್ಲಿ ಕೆಲಸ ಶುರುವಾದ ಮೇಲೆ ಅವರ ಒಳಗೆ ಕತ್ತಲೆ ತುಂಬಿತು, ದೇವರು ಇದ್ದಾರೆ ಅನ್ನುವ ಅನುಭವವೇ ಇಲ್ಲವಾಯಿತು. ಅದು ಹತ್ತಾರು ವರ್ಷ ಹಾಗೇ ಇತ್ತು. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಇದು ಜಗತ್ತಿಗೆ ತಿಳಿಯಿತು. ಅಷ್ಟೂ ವರ್ಷ ಅವರು ಬೆಳಿಗ್ಗೆ ಎದ್ದರು, ಪ್ರಾರ್ಥಿಸಿದರು, ರೋಗಿಗಳ ಹತ್ತಿರ ಹೋದರು. ಇಗ್ನೇಷಿಯಸರೂ ಇಂಥ ಒಣ ಕಾಲಕ್ಕೆ ಒಂದು ಬುದ್ಧಿ ಹೇಳಿದ್ದಾರೆ. ಮನಸ್ಸು ಕತ್ತಲಾಗಿರುವಾಗ ಹಿಂದೆ ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಾಯಿಸಬೇಡಿ.

ಕೊನೆಗೆ ಒಂದು ವಿಷಯ. ನಿಮ್ಮ ಪತ್ರವನ್ನು ಮತ್ತೆ ಓದಿದೆ. ಅಮ್ಮನ ಶುಗರ್ ಇದೆ, ಮಂಡಿನೋವು ಇದೆ, ಒಂಟಿತನ ಇದೆ. ಅಮ್ಮ ಏನು ಹೇಳುತ್ತಾರೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅವರನ್ನು ಕೇಳಿದ್ದೀರಾ? ಅವರು ನಿಮ್ಮನ್ನು ಕಳಿಸಲು ಆಗಲೇ ಮನಸ್ಸು ಮಾಡಿರಬಹುದು. ಹೇಳಲಾಗದೆ ಹೆದರಿಕೊಂಡೂ ಇರಬಹುದು. ದೇವರು ನಿಮಗೆ ಕೊಟ್ಟಿರುವ ಅತ್ಯಂತ ಹತ್ತಿರದ ಮನುಷ್ಯರು ಅವರೇ. ಮುಂದಿನ ರಜೆಗೆ ಊರಿಗೆ ಹೋಗಿ, ಆಫರ್ ಲೆಟರನ್ನು ಅವರ ಮುಂದೆ ಇಟ್ಟು, ಸಂಬಳ ಎಷ್ಟು, ಎಷ್ಟು ವರ್ಷ, ನೋಡಿಕೊಳ್ಳಲು ಯಾರು ಬರುತ್ತಾರೆ ಎಲ್ಲ ಬಿಡಿಸಿ ಹೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿ, ನಡುವೆ ಮಾತಾಡಬೇಡಿ. ಆಮೇಲೆ ಇಬ್ಬರೂ ಸೇರಿ ಪ್ರಾರ್ಥಿಸಿ. ಜೂನ್ ಕೊನೆಗೆ ಇನ್ನೂ ಟೈಮಿದೆ. ಏನು ತೀರ್ಮಾನ ಆಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ಕರ್ತನ ಸೇವೆಯಲ್ಲಿ,
ಸಂಪಾದಕ