ಡ್ರೆಸ್ಡೆನ್‌ನ ಫ್ರೌವೆನ್‌ಕಿರ್ಖೆ ಚರ್ಚಿನ ಗೋಡೆಯಲ್ಲಿ ಕಪ್ಪು ಕಲ್ಲುಗಳು ಏಕಿವೆ?

ಜರ್ಮನಿಯ ಈ ಚರ್ಚಿನ ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಕಲ್ಲುಗಳು ಹಳೆಯ ಕಟ್ಟಡದವು. ತಿಳಿ ಬಣ್ಣದವು ಹೊಸದಾಗಿ ಕಡೆದವು. ಗೇಯೊರ್ಗ್ ಬೇರ್ ವಿನ್ಯಾಸಗೊಳಿಸಿದ ಮೂಲ ಚರ್ಚಿನ ಕೆಲಸ 1726ರಲ್ಲಿ ಆರಂಭವಾಗಿ 1743ರಲ್ಲಿ ಮುಗಿಯಿತು. 1945ರ ಫೆಬ್ರವರಿ 13ರ ರಾತ್ರಿ ಶುರುವಾದ ಬಾಂಬ್ ದಾಳಿಯನ್ನು ಅದರ ಭಾರೀ ಕಲ್ಲಿನ ಗುಮ್ಮಟ ತಾಳಿಕೊಂಡಿತಾದರೂ, ಬೆಂಕಿಯ ಕಾವಿಗೆ ಒಳಗಿನ ಮರಳುಗಲ್ಲಿನ ಕಂಬಗಳು ಬಲಗುಂದಿ, 15ರ ಬೆಳಿಗ್ಗೆ ಕಟ್ಟಡ ಕುಸಿಯಿತು. ಅವಶೇಷದ ರಾಶಿ ದಶಕಗಳ ಕಾಲ ಹಾಗೆಯೇ ಉಳಿಯಿತು. ಜರ್ಮನಿ ಒಂದಾದ ಮೇಲೆ, 1993ರಿಂದ ಆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅಳೆದು, ದಾಖಲಿಸಿ, ಬಿದ್ದ ಜಾಗದ ಆಧಾರದ ಮೇಲೆ ಮೂಲ ಸ್ಥಾನವನ್ನು ಗುರುತಿಸಿ, ಗಟ್ಟಿಯಾಗಿದ್ದ ಸಾವಿರಾರು ಕಲ್ಲುಗಳನ್ನು ಮತ್ತೆ ಬಳಸಲಾಯಿತು; ನನ್ನ ಮಟ್ಟಿಗೆ ಈ ತಾಳ್ಮೆಯೇ ಪುನರ್ನಿರ್ಮಾಣದ ಹಿರಿಮೆ. 2005ರ ಅಕ್ಟೋಬರ್ 30ರಂದು ಚರ್ಚು ಮತ್ತೆ ಪ್ರತಿಷ್ಠಾಪನೆಗೊಂಡಿತು. ಗುಮ್ಮಟದ ತುದಿಯ ಹೊಸ ಶಿಲುಬೆಯನ್ನು ತಯಾರಿಸಿದ ಲಂಡನ್ನಿನ ಅಕ್ಕಸಾಲಿಗನ ತಂದೆ, ಅಂದು ಬಾಂಬ್ ಹಾಕಿದ ವಿಮಾನಚಾಲಕರಲ್ಲಿ ಒಬ್ಬರು.