ಪಿಕಪ್ ಬಾಡಿಯೊಳಗೆ ಯಾವ ಹೊದಿಕೆ?

ಸಿಂಧನೂರಿನ ಸಹೋದರರೇ, ಭತ್ತದ ಮೂಟೆ, ಗೊಬ್ಬರದ ಚೀಲ, ಆಗೀಗ ಪಂಪ್‌ಸೆಟ್ ಸಾಗಿಸುವ ಹೊಸ ಪಿಕಪ್‌ಗೆ ಪ್ಲಾಸ್ಟಿಕ್ ಲೈನರ್ (ಬಾಡಿಯೊಳಗೆ ಕೂರುವ ಪ್ಲಾಸ್ಟಿಕ್ ಹಾಸು) ಕೂರಿಸಬೇಕೋ, ಸ್ಪ್ರೇ ಕೋಟಿಂಗ್ (ತಗಡಿನ ಮೇಲೆ ಸಿಂಪಡಿಸಿ ಗಟ್ಟಿಯಾಗುವ ಪದರ) ಮಾಡಿಸಬೇಕೋ ಎಂದು ಕೇಳಿದ್ದೀರಿ. ನಿಮ್ಮ ಕೆಲಸಕ್ಕೆ ಸ್ಪ್ರೇ ಕೋಟಿಂಗೇ ಸರಿ, ಎರಡು ಮಾತಿಲ್ಲ.

ಕಾರಣ ಗೊಬ್ಬರ. ಯೂರಿಯಾ, ಪೊಟ್ಯಾಷ್ ಚೀಲದ ಹೊಲಿಗೆಯಿಂದ ಉದುರುವ ಹರಳುಗಳು ಗಾಳಿಯ ತೇವ ಹೀರಿ ಕರಗುತ್ತವೆ. ಆ ನೀರು ತಗಡನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಲೈನರ್ ಬಾಡಿಗೆ ಅಂಟಿಕೊಂಡಿರುವುದಿಲ್ಲ, ಅದರಡಿ ನೀರೂ ಮರಳೂ ಸೇರುತ್ತವೆ. ಗಾಡಿ ಕುಲುಕಿದಂತೆಲ್ಲ ಮರಳು ಬಣ್ಣವನ್ನು ತೇಯುತ್ತದೆ. ಮೇಲಿಂದ ನೋಡಿದರೆ ಎಲ್ಲವೂ ಚೆನ್ನ, ಎತ್ತಿ ನೋಡಿದರೆ ಅಂಚಿನುದ್ದಕ್ಕೂ ತುಕ್ಕು. ನುಣುಪಾದ ಪ್ಲಾಸ್ಟಿಕ್ ಮೇಲೆ ಮೂಟೆ ಜಾರುವ ತೊಂದರೆ ಬೇರೆ.

ಸ್ಪ್ರೇ ಮಾಡುವ ಪಾಲಿಯುರಿಯಾ ಅಥವಾ ಪಾಲಿಯುರೆಥೇನ್ ಕೋಟಿಂಗ್ ತಗಡಿಗೇ ಕಚ್ಚಿಕೊಳ್ಳುತ್ತದೆ. ಆದರೆ ಅದರ ಬಾಳಿಕೆಯೆಲ್ಲ ತಯಾರಿಯಲ್ಲಿದೆ: ಬಣ್ಣದ ಹೊಳಪು ಹೋಗುವಂತೆ ಉಜ್ಜಿ, ಜಿಡ್ಡು ಒರೆಸಿ, ಪೂರ್ತಿ ಒಣಗಿಸಿಯೇ ಹೊಡೆಯಬೇಕು. ನೀರು ಹರಿದುಹೋಗುವ ತೂತುಗಳು ಮುಚ್ಚಿಹೋಗದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬಿಸಿಲು ತಾಳುವ ಮೇಲ್ಪದರ ಇಲ್ಲದಿದ್ದರೆ ಕೋಟಿಂಗಿನ ಕಪ್ಪು ಬೇಗ ಬೂದಿಬಣ್ಣಕ್ಕೆ ತಿರುಗುತ್ತದೆ. ಒಮ್ಮೆ ಹೊಡೆಸಿದರೆ ಕಿತ್ತು ತೆಗೆಯುವುದು ಕಷ್ಟ, ಹಾಗಾಗಿ ಅಗ್ಗಕ್ಕೆ ಮರುಳಾಗಬೇಡಿ.

ಬಳ್ಳಾರಿ ಕಡೆ ಕಲ್ಲು, ಅದಿರು ಹೊರುವವರಾಗಿದ್ದರೆ ಚೆಕ್ಕರ್ ಪ್ಲೇಟ್ (ಉಬ್ಬುಗೆರೆಗಳಿರುವ ದಪ್ಪ ಲೋಹದ ಹಲಗೆ) ಬೆಸೆಸಿ ಎನ್ನುತ್ತಿದ್ದೆ. ನಿಮಗೆ ಆ ತೂಕ ಬೇಡ. ಪಂಪ್‌ಸೆಟ್ ಏರಿಸುವ ದಿನ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಇಳಿಸಿದ ಮೇಲೆ ಸುತ್ತಿಡಿ. ಗೊಬ್ಬರ ಸಾಗಿಸಿದ ದಿನವಂತೂ ಸಂಜೆಯೇ ಬಾಡಿ ತೊಳೆಯಿರಿ.