ಹಳೆಯ ವ್ಯಾಕ್ಸ್ ಕ್ಲಸ್ಟರ್ ಅನ್ನು ದೂರದಿಂದ ನಡೆಸುವುದು: ಮೊದಲು ಕನ್ಸೋಲ್, ಆಮೇಲೆ ನೆಟ್‌ವರ್ಕ್

ಡಿಜಿಟಲ್ (ಡೆಕ್) ಕಂಪನಿಯ ವ್ಯಾಕ್ಸ್ ಸಾಲಿನ ಹಳೆಯ ಕಂಪ್ಯೂಟರ್‌ಗಳಾದ ಮೂರು ಮೈಕ್ರೋವ್ಯಾಕ್ಸ್ 3100 ಯಂತ್ರಗಳನ್ನು ವಿಎಂಎಸ್ ಕ್ಲಸ್ಟರ್ ಆಗಿ, ಅಂದರೆ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಒಂದೇ ಗುಂಪಾಗಿ ಕೆಲಸ ಮಾಡುವಂತೆ, ಜೋಡಿಸಿದ್ದೀರಿ. ಅವುಗಳನ್ನು ಅಂತರ್ಜಾಲದ ಮೂಲಕ ನಿಯಂತ್ರಿಸಲು ರೂಟರ್‌ನಲ್ಲಿ ಟೆಲ್ನೆಟ್ (ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಹಳೆಯ ವಿಧಾನ) ಪೋರ್ಟ್ ತೆರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು, ಮತ್ತು ದಯವಿಟ್ಟು ಅದನ್ನು ತೆರೆಯಬೇಡಿ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಗೂಢಲಿಪೀಕರಣವೂ ಇಲ್ಲದೆ ಹಾಗೆಯೇ ಹರಿದು ಹೋಗುತ್ತದೆ. ಆ ಯಂತ್ರಗಳ ಟಿಸಿಪಿ/ಐಪಿ ತಂತ್ರಾಂಶವಂತೂ ಇಂದಿನ ದಾಳಿಗಳನ್ನು ಊಹಿಸಿಯೂ ಇರದ ಕಾಲದ್ದು. ನಾನೂ ಇಂಥದೇ ಮೂರು ಯಂತ್ರಗಳನ್ನು ಕೆಲವು ವರ್ಷಗಳಿಂದ ದೂರದಿಂದ ನಡೆಸುತ್ತಿರುವುದರಿಂದ, ಅನುಭವದಲ್ಲಿ ನಿಂತ ವಿಧಾನವನ್ನೇ ಇಲ್ಲಿ ಬರೆಯುತ್ತೇನೆ.

ಭದ್ರತೆಗಿಂತಲೂ ದೊಡ್ಡ ಕಾರಣ ಇನ್ನೊಂದಿದೆ. ಟೆಲ್ನೆಟ್ ಲಾಗಿನ್ ಸಿಗುವುದು ಆಪರೇಟಿಂಗ್ ಸಿಸ್ಟಂ ಎದ್ದು ಕುಳಿತಿರುವಾಗ ಮಾತ್ರ; ನಿಮಗೆ ದೂರದ ನಿಯಂತ್ರಣ ನಿಜವಾಗಿ ಬೇಕಾಗುವುದು ಅದು ಮಲಗಿದಾಗ. ಕ್ಲಸ್ಟರ್‌ನಲ್ಲಿ ಈ ತೊಂದರೆ ಒಂಟಿ ಯಂತ್ರಕ್ಕಿಂತ ಹೆಚ್ಚು. ಮೂರು ಯಂತ್ರಗಳಿಗೂ ತಲಾ ಒಂದು ಮತವಿದ್ದರೆ, ನಿರೀಕ್ಷಿತ ಮತಗಳಿಗೆ (ಇಲ್ಲಿ ಮೂರು) ಎರಡನ್ನು ಕೂಡಿಸಿ ಎರಡರಿಂದ ಭಾಗಿಸಿ, ಭಿನ್ನಾಂಶವನ್ನು ಬಿಟ್ಟರೆ ಕೋರಂ, ಅಂದರೆ ಕ್ಲಸ್ಟರ್ ನಡೆಯಲು ಬೇಕಾದ ಕನಿಷ್ಠ ಮತ, 2 ಎಂದು ಬರುತ್ತದೆ. ಒಂದು ಯಂತ್ರ ಬಿದ್ದರೆ ಉಳಿದೆರಡು ಕೆಲಸ ಮುಂದುವರಿಸುತ್ತವೆ. ಎರಡು ಬಿದ್ದರೆ ಮೂರನೆಯದು ಕೆಡದಿದ್ದರೂ ಇದ್ದಲ್ಲಿಯೇ ನಿಂತುಬಿಡುತ್ತದೆ, ಏಕೆಂದರೆ ಒಡೆದು ಹೋದ ಎರಡು ಗುಂಪುಗಳು ಒಂದೇ ಡಿಸ್ಕ್‌ಗೆ ಬೇರೆ ಬೇರೆಯಾಗಿ ಬರೆದು ದತ್ತಾಂಶವನ್ನು ಹಾಳು ಮಾಡಬಾರದು. ಆಗ ನೆಟ್‌ವರ್ಕ್ ಮೂಲಕ ಎಷ್ಟು ಪ್ರಯತ್ನಿಸಿದರೂ ಲಾಗಿನ್ ಮುಂದಕ್ಕೆ ಹೋಗುವುದಿಲ್ಲ. ಕನ್ಸೋಲ್, ಅಂದರೆ ಸೀರಿಯಲ್ ತಂತಿಯಿಂದ ಯಂತ್ರಕ್ಕೆ ನೇರವಾಗಿ ಆದೇಶ ಕೊಡುವ ದಾರಿ, ಕೈಯಲ್ಲಿದ್ದರೆ ಮಾತ್ರ ಯಂತ್ರವನ್ನು ತಡೆದು, ಐಪಿಸಿ ಎಂಬ ತುರ್ತು ಆದೇಶಗಳ ಪ್ರಾಂಪ್ಟ್‌ಗೆ ಹೋಗಿ, ಕ್ಯೂ ಎಂಬ ಒಂದಕ್ಷರದ ಆದೇಶದಿಂದ ಕೋರಂ ಅನ್ನು ಮರುಲೆಕ್ಕ ಮಾಡಿಸಬಹುದು. ಬಿದ್ದ ಎರಡೂ ಯಂತ್ರಗಳು ನಿಜವಾಗಿಯೇ ನಿಂತಿವೆ ಎಂದು ಅವುಗಳ ಕನ್ಸೋಲ್‌ನಲ್ಲಿ ಕಣ್ಣಾರೆ ನೋಡದೆ ಹಾಗೆ ಮಾಡಲೇಬೇಡಿ.

ಆದ್ದರಿಂದ ನಡುವೆ ಒಂದು ಪುಟ್ಟ ಹೊಸ ಕಂಪ್ಯೂಟರ್ ಇರಲಿ. ರಾಸ್ಪ್‌ಬೆರಿ ಪೈ ಸಾಕು. ಹೊರಗಿನಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಖಾಸಗಿ ಸುರಂಗದ (ವಿಪಿಎನ್) ಮೂಲಕ, ಅದರೊಳಗೆ ಕೀಲಿ ಆಧಾರಿತ ಎಸ್‌ಎಸ್‌ಎಚ್ (ಗೂಢಲಿಪಿಯ ಲಾಗಿನ್) ಮೂಲಕ ಬನ್ನಿ. ಅದರಿಂದ ಮೂರು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್‌ಗಳು ಮೂರು ಯಂತ್ರಗಳ ಕನ್ಸೋಲ್ ಪೋರ್ಟ್‌ಗೆ ಹೋಗಲಿ. ಆ ಪೋರ್ಟ್ ಎಂಎಂಜೆ ಮಾದರಿಯದು. ನೋಡಲು ಟೆಲಿಫೋನ್ ಜ್ಯಾಕ್‌ನಂತಿದ್ದರೂ ಕೊಕ್ಕೆ ಒಂದು ಬದಿಗೆ ಸರಿದಿರುವುದರಿಂದ ಸಾಮಾನ್ಯ ಪ್ಲಗ್ ಕೂರುವುದಿಲ್ಲ. ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಪುಟ್ಟ ಕಂಪ್ಯೂಟರಿನಲ್ಲಿ ಕನ್ಸರ್ವರ್ ಎಂಬ ತಂತ್ರಾಂಶವನ್ನು ಹಾಕಿದರೆ ಮೂರೂ ಕನ್ಸೋಲ್‌ಗಳಲ್ಲಿ ಬರುವ ಪ್ರತಿ ಸಾಲೂ ದಾಖಲಾಗುತ್ತದೆ. ನಡುರಾತ್ರಿ ಯಾವ ಯಂತ್ರ ಮೊದಲು ಸಂಪರ್ಕ ಕಳೆದುಕೊಂಡಿತು ಎಂಬುದನ್ನು ಬೆಳಿಗ್ಗೆ ಓದಿ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಅಡಾಪ್ಟರ್‌ಗಳನ್ನು ಲಿನಕ್ಸ್ ಕೊಡುವ ಸೊನ್ನೆ, ಒಂದು, ಎರಡು ಎಂಬ ಸಂಖ್ಯೆಗಳಿಂದ ಗುರುತಿಸಬೇಡಿ. ಮರುಪ್ರಾರಂಭದ ನಂತರ ಆ ಕ್ರಮ ಬದಲಾಗಬಹುದು, ಮತ್ತು ಒಂದು ಯಂತ್ರಕ್ಕೆ ಕಳಿಸಬೇಕಾದ, ಯಂತ್ರವನ್ನು ತಡೆದು ನಿಲ್ಲಿಸುವ ಬ್ರೇಕ್ ಸಂಕೇತ ಸರಿಯಾಗಿ ನಡೆಯುತ್ತಿರುವ ಇನ್ನೊಂದಕ್ಕೆ ಹೋದರೆ ಅದೂ ನಿಲ್ಲುತ್ತದೆ. ಪ್ರತಿ ಅಡಾಪ್ಟರ್‌ಗೂ ಸ್ವಂತ ಸೀರಿಯಲ್ ಸಂಖ್ಯೆ ಇರುವಂಥದನ್ನೇ ಆರಿಸಿ, ಅದರ ಆಧಾರದ ಮೇಲೆ ಹೆಸರಿಡಿ.

ಬ್ರೇಕ್ ಸಂಕೇತದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಸೀರಿಯಲ್ ತಂತಿ ಸುಮ್ಮನಿರುವಾಗ ಋಣ ವೋಲ್ಟೇಜ್‌ನಲ್ಲಿರುತ್ತದೆ. ಒಂದು ಅಕ್ಷರದ ಅವಧಿಗಿಂತ, ಅಂದರೆ 9600ರ ವೇಗದಲ್ಲಿ ಸುಮಾರು ಒಂದು ಮಿಲಿಸೆಕೆಂಡಿಗಿಂತ, ಹೆಚ್ಚು ಹೊತ್ತು ಅದು ಎದುರು ಸ್ಥಿತಿಯಲ್ಲಿ ನಿಂತರೆ ಯಂತ್ರ ಅದನ್ನು ಬ್ರೇಕ್ ಎಂದು ತಿಳಿಯುತ್ತದೆ. ಒಂದು ಸಂಜೆ ನಾನು ದೂರದಿಂದ ಪುಟ್ಟ ಕಂಪ್ಯೂಟರನ್ನು ಮರುಪ್ರಾರಂಭಿಸಿದೆ. ಅಡಾಪ್ಟರ್‌ಗೆ ಕ್ಷಣಕಾಲ ವಿದ್ಯುತ್ ಹೋಯಿತು, ತಂತಿಯ ವೋಲ್ಟೇಜ್ ಕುಸಿಯಿತು, ಒಂದು ಯಂತ್ರ ಅದನ್ನು ಬ್ರೇಕ್ ಎಂದೇ ಓದಿ ನಿಂತಿತು. ನಾನು ಮತ್ತೆ ಸಂಪರ್ಕ ಪಡೆದಾಗ ಪರದೆಯ ಮೇಲೆ ಯಂತ್ರ ನಿಂತಿದೆ ಎಂದು ಸೂಚಿಸುವ ಮೂರು ಬಾಣದ ಗುರುತಿನ (>>>) ಪ್ರಾಂಪ್ಟ್ ಮಾತ್ರ ಇತ್ತು. ಮುಂದುವರಿಸುವ ಆದೇಶ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡು ಕೊಟ್ಟೆ. ಅದು ಎಚ್ಚೆತ್ತ ಕೂಡಲೇ ಕ್ಲೂಎಕ್ಸಿಟ್ ಎಂಬ ಬಗ್‌ಚೆಕ್ (ವಿಎಂಎಸ್ ತನ್ನನ್ನು ತಾನೇ ನಿಲ್ಲಿಸುವಾಗ ಕೊಡುವ ದೋಷ ಸೂಚನೆ) ಕೊಟ್ಟು ಕುಸಿಯಿತು. ಕಾರಣ ಸರಳ: ಮರುಸಂಪರ್ಕಕ್ಕೆ ಉಳಿದ ಯಂತ್ರಗಳು ಕಾಯುವ ಅವಧಿ, ಬದಲಾಯಿಸದಿದ್ದರೆ, 20 ಸೆಕೆಂಡ್. ಅಷ್ಟು ಹೊತ್ತು ಸುಳಿವಿಲ್ಲದ ಯಂತ್ರವನ್ನು ಅವು ಕ್ಲಸ್ಟರ್‌ನಿಂದ ಹೊರಗಿಟ್ಟಿರುತ್ತವೆ, ತಡವಾಗಿ ಎದ್ದ ಯಂತ್ರ ಅದನ್ನು ತಿಳಿದು ತಾನಾಗಿಯೇ ಕುಸಿಯುತ್ತದೆ. ಉಳಿದೆರಡು ಕೋರಂ ಉಳಿಸಿಕೊಂಡಿದ್ದರಿಂದ ದತ್ತಾಂಶಕ್ಕೆ ಏನೂ ಆಗಲಿಲ್ಲ. ಈಗ ಪುಟ್ಟ ಕಂಪ್ಯೂಟರ್ ಮತ್ತು ಅಡಾಪ್ಟರ್‌ಗಳು ಯುಪಿಎಸ್‌ನಲ್ಲಿವೆ, ಅಡಾಪ್ಟರ್‌ಗಳಿಗೆ ಪ್ರತ್ಯೇಕ ವಿದ್ಯುತ್ ಇರುವ ಹಬ್ ಇದೆ.

ಕನ್ಸೋಲ್ ಸ್ತಬ್ಧವಾದಂತೆ ಕಂಡರೆ ಗಾಬರಿಯಾಗಿ ಬ್ರೇಕ್ ಕಳಿಸುವ ಮೊದಲು ಕಂಟ್ರೋಲ್-ಕ್ಯೂ ಒತ್ತಿ ನೋಡಿ. ಅರಿವಿಲ್ಲದೆ ಒತ್ತಿದ ಕಂಟ್ರೋಲ್-ಎಸ್ ಪರದೆಯನ್ನು ತಡೆದಿರಬಹುದು. ಒಂದು ಯಂತ್ರವನ್ನು ಬೇಕೆಂದೇ ದೀರ್ಘಕಾಲ ಆರಿಸುವುದಾದರೆ ಷಟ್‌ಡೌನ್ ವೇಳೆ ರಿಮೂವ್-ನೋಡ್ ಆಯ್ಕೆ ಕೊಡಿ, ಆಗ ಉಳಿದವು ಕೋರಂ ತಗ್ಗಿಸಿಕೊಳ್ಳುತ್ತವೆ.

ವಿದ್ಯುತ್ ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿದ್ದೇನೆ. ದೂರದಿಂದ ಆರಿಸಬಲ್ಲ ಸಾಕೆಟ್ ಇರಲಿ, ಆದರೆ ಅದನ್ನು ಆರಿಸಲು ಬಳಸಿ. ಹೊತ್ತಿಸುವುದು ಯಂತ್ರದ ಪಕ್ಕದಲ್ಲಿ ಯಾರಾದರೂ ಇರುವಾಗ ಮಾತ್ರ ಆಗಲಿ. ಹಲವು ದಶಕ ಹಳೆಯ ಪವರ್ ಸಪ್ಲೈಯ ಕೆಪಾಸಿಟರ್‌ಗಳು ಸೋರಿರಬಹುದು, ಫ್ಯಾನ್ ತಿರುಗದೆ ಇರಬಹುದು, ಬಹಳ ದಿನ ನಿಂತ ಡಿಸ್ಕ್‌ನ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು. ಇವುಗಳಲ್ಲಿ ಯಾವುದೂ ಕನ್ಸೋಲ್‌ನಲ್ಲಿ ಮುಂಚಿತವಾಗಿ ಕಾಣುವುದಿಲ್ಲ. ಸುಟ್ಟ ವಾಸನೆಯಾಗಲಿ ಡಿಸ್ಕ್‌ನ ಕಿರುಗುಟ್ಟುವ ಸದ್ದಾಗಲಿ ಗೊತ್ತಾಗುವುದು ಹತ್ತಿರ ನಿಂತವರಿಗೆ ಮಾತ್ರ. ನಿಮ್ಮ ಯಂತ್ರಗಳ ಪವರ್ ಸಪ್ಲೈಗಳನ್ನು ಇದುವರೆಗೆ ಬಿಚ್ಚಿ ನೋಡಿಲ್ಲವಾದರೆ, ಪೋರ್ಟ್‌ಗಳ ಕೆಲಸಕ್ಕೆ ಕೈ ಹಾಕುವ ಮೊದಲು ಆ ಮೂರನ್ನೂ ಪರೀಕ್ಷಿಸಿ.